ನಿಮ್ಮ ಚೀಜು ಮತ್ತೊಬ್ಬರು ಹಾಡಲಿ

ಹುಬ್ಬಳ್ಳಿ-ಧಾರವಾಡದಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತ, ಬಿಡುವಿನಲ್ಲಿ ಚೀಜು ಕಟ್ಟುವ, ವಚನಕ್ಕೆ ಚಾಲ್ ಹಚ್ಚುವ ಎಲ್ಲರಿಗೂ,



ನೀವು ಕಟ್ಟಿದ ಚೀಜುಗಳನ್ನು ಮೊಬೈಲಿನಲ್ಲಿ ಕೇಳುವ ಮಂದಿ ಬೇಕಾದಷ್ಟಿದ್ದಾರೆ. ಹಾಡುವವರು ಒಬ್ಬರೂ ಇಲ್ಲ. ಈ ಪತ್ರ ಬರೆಯಲು ಕೂತದ್ದು ಇದೊಂದು ಮಾತಿಗೆ. ಉಳಿದದ್ದೆಲ್ಲ ಅದರ ವಿಸ್ತಾರ ಅಂತ ತಿಳಿಯಿರಿ.

ನಾನು ಗವಾಯಿ ಅಲ್ಲ. ಹಳೇ ಹುಬ್ಬಳ್ಳಿಯವ, ಯಾರಾದರೂ ಹಾಡಲು ಕೂತರೆ ಪಕ್ಕದಲ್ಲಿ ಪೇಟಿ ಬಾರಿಸುವವ. ಪೇಟಿಯವನ ಕೆಲಸವೇ ಇನ್ನೊಬ್ಬರ ಗಂಟಲಿನ ಬೆನ್ನು ಹತ್ತುವುದು. ಹಾಗಾಗಿ ಒಂದೇ ಚೀಜು ನಾಲ್ಕು ಬಾಯಲ್ಲಿ ನಾಲ್ಕು ರೀತಿ ಆಗುವುದನ್ನೂ, ಅಷ್ಟಾಗಿಯೂ ತನ್ನತನ ಬಿಡದೆ ಉಳಿಯುವುದನ್ನೂ ಬೆರಳಿನಿಂದ ಬಲ್ಲೆ. ನಿಮ್ಮ ಚೀಜುಗಳಿಗೆ ಆ ಯೋಗವೇ ಬರುತ್ತಿಲ್ಲ ಎಂಬುದು ನನ್ನ ತಕರಾರು.

ನಿಮ್ಮಲ್ಲಿ ರೈಲ್ವೆ ವರ್ಕ್‌ಶಾಪಿನ ಪಾಳಿ ಮುಗಿಸಿ ಬಂದು ತಂಬೂರಿ ಆ್ಯಪ್ ಹಚ್ಚುವವರಿದ್ದಾರೆ. ಬ್ಯಾಂಕಿನವರು, ಕನ್ನಡ ಸಾಲಿ ಮಾಸ್ತರರು, ಔಷಧದ ಅಂಗಡಿಯವರು, ಮಕ್ಕಳನ್ನು ಮಲಗಿಸಿ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡು ರೆಕಾರ್ಡ್ ಮಾಡುವ ಅಕ್ಕಂದಿರು ಇದ್ದಾರೆ. ಕೆಲವರು ವಿಶಾರದ ಪರೀಕ್ಷೆಯವರೆಗೆ ಹೋಗಿ ನೌಕರಿ ಸಿಕ್ಕ ಮೇಲೆ ಬಿಟ್ಟವರು. ಕೆಲವರು ಭಜನಿ ಮೇಳದಲ್ಲಿ ಕೂತು ಕೂತು ರಾಗ ಹಿಡಿದವರು. ರಾತ್ರಿ ಹತ್ತು ಹನ್ನೊಂದಕ್ಕೆ ನಮ್ಮ ಮೊಬೈಲ್ ಗುಂಪಿಗೆ ನಿಮ್ಮ ರೆಕಾರ್ಡಿಂಗ್ ಬರುತ್ತದೆ. ಬೆಳಿಗ್ಗೆ ಚಹಾ ಆಗುವಷ್ಟರಲ್ಲಿ ಅದರ ಕೆಳಗೆ ಕೈಮುಗಿದ ಚಿತ್ರಗಳು, ಗುಲಾಬಿ ಹೂಗಳು, ‘ವ್ಹಾ ವ್ಹಾ’, ‘ಕ್ಯಾ ಬಾತ್ ಹೈ’, ‘ಸರಸ್ವತಿ ಒಲಿದಾಳ ನೋಡ್ರಿ’. ಮಧ್ಯಾಹ್ನಕ್ಕೆ ಮತ್ತೊಬ್ಬರದು ಬರುತ್ತದೆ, ಹೂವೆಲ್ಲ ಆ ಕಡೆ ಹೋಗುತ್ತವೆ. ನಿಮ್ಮ ಚೀಜಿನ ಆಯುಷ್ಯ ಅಷ್ಟು.

ಒಂದು ಉದಾಹರಣೆ ಕೊಡುತ್ತೇನೆ, ಹೆಸರು ಬೇಡ. ನಿಮ್ಮಲ್ಲೊಬ್ಬರು ಭೀಮಪಲಾಸಿಯಲ್ಲಿ ಮಧ್ಯಲಯ ತೀನತಾಲದ ಚೀಜು ಕಳಿಸಿದ್ದರು. ಸ್ಥಾಯಿ ಬಲು ಚಂದ. ಒಂಬತ್ತನೇ ಮಾತ್ರೆಗೆ ಎತ್ತಿ, ಎಂಟು ಮಾತ್ರೆ ನಡೆದು, ಸಮ್‌ಗೆ ಮಧ್ಯಮದ ಮೇಲೆ ಬಂದು ಕೂತಾಗ ಹಾಯೆನಿಸಿತು. ಅಂತರಾಕ್ಕೆ ಬಂದರು, ಪಂಚಮ ಬಿಟ್ಟು ಗ ಮ ಧ ನಿ ಸಾ ಅಂತ ಮೇಲೆ ಹತ್ತಿದರು. ಆ ಗಳಿಗೆಗೆ ಭೀಮಪಲಾಸಿ ಎದ್ದುಹೋಗಿ ಅದರ ಗಾದಿಯ ಮೇಲೆ ಬಾಗೇಶ್ರೀ ಬಂದು ಕೂತಿತು. ಭೀಮಪಲಾಸಿ ಹತ್ತುವಾಗ ರಿಷಭವನ್ನೂ ಧೈವತವನ್ನೂ ಬಿಡುತ್ತದೆ, ಇಳಿಯುವಾಗ ಎರಡನ್ನೂ ಕರೆದುಕೊಳ್ಳುತ್ತದೆ. ಇದು ಎಳೆಯ ಮಕ್ಕಳಿಗೆ ಹೇಳುವ ಪಾಠ. ಹೂಗುಚ್ಛ ಕಳಿಸಿದವರಲ್ಲಿ ಇದು ಗೊತ್ತಿದ್ದವರು ಅರ್ಧದಷ್ಟಾದರೂ ಇದ್ದರು. ಆದರೂ ‘ಅಲ್ರೀ, ಅಂತರಾದಾಗ ಧೈವತ ಹೆಂಗ ಬಂತು?’ ಅಂತ ಯಾರೂ ಕೇಳಲಿಲ್ಲ. ಬೇಕೆಂದೇ ತಂದಿದ್ದರೆ ಅವರು ಅದನ್ನು ಸಮರ್ಥಿಸಿಕೊಳ್ಳುತ್ತಿದ್ದರು, ಒಂದು ಒಳ್ಳೆಯ ಜಗಳವಾಗುತ್ತಿತ್ತು. ಕೈತಪ್ಪಿ ಬಂದಿದ್ದರೆ ಅದೇ ರಾತ್ರಿ ಪ ಗ ಮ ಪ ನಿ ಸಾ ಅಂತ ತಿದ್ದಿಕೊಂಡು, ಇವತ್ತಿಗೆ ಆ ಚೀಜು ಯಾರದೋ ಬಾಯಲ್ಲಿ ಇರುತ್ತಿತ್ತು.

ಹೊಗಳಿದವರ ತಪ್ಪೂ ಪೂರ್ತಿ ಅಲ್ಲ ಅನ್ನಿ. ಅವರ ಕಿವಿಗೆ ಬಿದ್ದದ್ದು ನಿಮ್ಮ ದನಿ, ಅದಕ್ಕೆ ಹಚ್ಚಿದ ಗುಂಯ್ ಎನ್ನುವ ಎಫೆಕ್ಟು, ಹಿಂದಿನ ಆ್ಯಪ್ ತಂಬೂರಿ. ದನಿ ಚಂದ ಇದ್ದರೆ ಸಾಧಾರಣ ಚೀಜೂ ಚಂದ ಕೇಳುತ್ತದೆ. ದನಿ ಒಡಕಾಗಿದ್ದರೆ ಎಂಥ ಚೀಜೂ ಸಪ್ಪೆ. ನಮ್ಮಲ್ಲೊಬ್ಬ ಹಿರಿಯರು ನಿವೃತ್ತಿಯಾದ ಮೇಲೆ ಕಟ್ಟತೊಡಗಿದವರು. ಅವರ ಗಂಟಲು ಹೋಗಿದೆ, ತಾರ ಷಡ್ಜ ಮುಟ್ಟುವುದಿಲ್ಲ. ನನ್ನ ಲೆಕ್ಕಕ್ಕೆ ನಿಮ್ಮೆಲ್ಲರಲ್ಲಿ ಪಕ್ಕಾ ಚೀಜು ಕಟ್ಟುವವರು ಅವರೇ, ಅವರಿಗೆ ಬರುವ ಗುಲಾಬಿ ಮಾತ್ರ ಕಡಿಮೆ. ಅಕ್ಕಂದಿರ ಪಾಡು ಇನ್ನೊಂದು ಥರ. ಅವರು ಏನು ಕಳಿಸಿದರೂ ‘ತಾಯೀ, ನಮಸ್ಕಾರ’ ಅಂತ ಎಲ್ಲರೂ ಕೈಮುಗಿದು ಮುಂದೆ ಹೋಗುತ್ತಾರೆ. ಅತಿ ಗೌರವವೂ ಒಂದು ರೀತಿ ಕೇಳದೆ ಇರುವ ಉಪಾಯವೇ. ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಹೀಗಾಗಬಾರದು. ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತ ಅವರಿಗೆ ಅಲ್ಲಿ ಸಿಕ್ಕದ್ದು ನಮಸ್ಕಾರವಲ್ಲ, ತಾಲೀಮು.

ಒಂದು ಕಾಲಕ್ಕೆ ‘ಬೇಡ’ ಎನ್ನುವವರು ಊರಲ್ಲಿ ಇದ್ದರು. ಮನೆಯಲ್ಲಿ ಗುರು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದ ಮೇಲೆ ಆಡಿಶನ್ನಿನ ಕೋಣೆ. ಅಲ್ಲಿ ಬಿದ್ದವರು ಮನೆಗೆ ಬಂದು ಎರಡು ದಿನ ಬೈದು, ಮೂರನೇ ದಿನ ರಿಯಾಜಿಗೆ ಕೂತದ್ದುಂಟು. ಈಗ ಬೇಡ ಎನ್ನುವವರೂ ಇಲ್ಲ, ಯಾಕೆ ಬೇಕು ಅಂತ ಹೇಳುವವರೂ ಇಲ್ಲ.

ಈಗ ಮುಖ್ಯ ಮಾತು. ಚೀಜು ಕಟ್ಟುವವನೇ ಹಾಡಬೇಕು ಅಂತ ಎಲ್ಲಿದೆ? ನಾವೆಲ್ಲ ದಿನಾ ಹೆಸರು ಹೇಳುವ ಸದಾರಂಗ, ಅಂದರೆ ಮಹಮ್ಮದ್ ಶಾ ರಂಗೀಲೆಯ ದರ್ಬಾರಿನ ನಿಯಾಮತ್ ಖಾನ್, ಬೀನಕಾರ, ಧ್ರುಪದದ ಮನೆತನದವ. ಖಯಾಲ್ ಕಟ್ಟಿ ಶಿಷ್ಯರ ಬಾಯಿಗೆ ಹಾಕಿದ, ತಾನು ಮಾತ್ರ ಸಭೆಯಲ್ಲಿ ಹಾಡಲಿಲ್ಲ ಅಂತ ಪರಂಪರೆ ಹೇಳುತ್ತದೆ. ಆತ ದರ್ಬಾರಿನಲ್ಲಿದ್ದದ್ದು 1719ರಿಂದ 1748ರವರೆಗಿನ ಆಳ್ವಿಕೆಯಲ್ಲಿ. ಆತನ ದನಿ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಬಿದ್ದಿಲ್ಲ. ಕಿರಾನಾದವರು ಒಂದು ಥರ, ಜೈಪುರದವರು ಇನ್ನೊಂದು ಥರ ಆತನ ಮುದ್ರೆಯ ಚೀಜುಗಳನ್ನು ಹಾಡಿಕೊಂಡು ಬಂದರು. ಕುಂದಗೋಳದಿಂದ ಬಂದದ್ದೂ ಅದೇ, ಮನ್ಸೂರರ ಮನೆ ‘ಮೃತ್ಯುಂಜಯ’ದಲ್ಲಿ ಮೊಳಗಿದ್ದೂ ಅದೇ.

ಹವ್ಯಾಸಿ ಅಂತ ನಾಚಿಕೆಯೂ ಬೇಡ. ವಿಷ್ಣು ನಾರಾಯಣ ಭಾತಖಂಡೆ (1860–1936) ಓದಿದ್ದು ವಕೀಲಿ. ಘರಾಣೆಯ ಮಗನಲ್ಲ, ಮೈಫಲಿನ ಗವಾಯಿ ಅಲ್ಲ. ಊರೂರು ತಿರುಗಿ, ಉಸ್ತಾದರನ್ನು ಕಾಡಿ ಬೇಡಿ ಅವರ ಮನೆಯೊಳಗಿದ್ದ ಚೀಜುಗಳನ್ನು ಬರೆದುಕೊಂಡರು. ‘ಚತುರ’ ಎಂಬ ಮುದ್ರೆಯಲ್ಲಿ ತಾವೂ ಕಟ್ಟಿದರು. ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳು ಇಲ್ಲದಿದ್ದರೆ ನಿಮ್ಮ ನನ್ನಂಥವರು ರಾಗದ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಅವರ ಶಿಷ್ಯ ಶ್ರೀಕೃಷ್ಣ ರಾತಂಜನಕರ ‘ಸುಜಾನ’ ಎಂಬ ಮುದ್ರೆಯಲ್ಲಿ ಕಟ್ಟಿದರು. ರಾತಂಜನಕರರ ಶಿಷ್ಯ ಕೆ. ಜಿ. ಗಿಂಡೆ ನಮ್ಮ ಬೈಲಹೊಂಗಲದಲ್ಲಿ ಹುಟ್ಟಿದವರು. ಗುರುವಿನ ಹೆಸರಿಗೆ ತಮ್ಮನ್ನು ಗಂಟು ಹಾಕಿಕೊಂಡು ‘ಸುಜಾನಸುತ’ ಅಂತ ಮುದ್ರೆ ಇಟ್ಟುಕೊಂಡರು. ಇನ್ನು ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ನಮ್ಮೆಲ್ಲರ ಕುಮಾರ ಗಂಧರ್ವ: ಅವರ ದನಿಯನ್ನು ಯಾರೂ ಅನುಕರಿಸಲಾರರು, ಅನುಕರಿಸಿದವರು ಕೆಟ್ಟರು. ಆದರೆ ಅವರು ಕೂಡ ತಮ್ಮ ಚೀಜುಗಳನ್ನು ಸ್ವರಲಿಪಿ ಸಮೇತ ‘ಅನೂಪರಾಗವಿಲಾಸ’ದಲ್ಲಿ ಅಚ್ಚು ಹಾಕಿಸಿದರು, 1965ರಲ್ಲಿ. ಅಷ್ಟು ಸ್ವಂತಿಕೆಯ ಗವಾಯಿಗೂ ತನ್ನ ಚೀಜು ಇನ್ನೊಬ್ಬರ ಕೈಗೆ ಹೋಗಲಿ ಎಂಬ ಆಸೆ ಇತ್ತು.

ಬರೆದಿಡುವ ಮಾತು ಬಂದದ್ದಕ್ಕೆ ದೂರದ ಒಂದು ಕಥೆ. ರಷ್ಯಾದ ಬೊರೊದಿನ್ ವೃತ್ತಿಯಿಂದ ರಸಾಯನಶಾಸ್ತ್ರದ ಪ್ರಾಧ್ಯಾಪಕ, ರವಿವಾರದ ಸಂಗೀತಗಾರ. ವರ್ಷಗಟ್ಟಲೆ ಕುಟ್ಟುತ್ತಿದ್ದ ‘ಪ್ರಿನ್ಸ್ ಇಗೊರ್’ ಎಂಬ ಒಪೆರಾ ಮುಗಿಯುವ ಮೊದಲೇ 1887ರಲ್ಲಿ ತೀರಿಕೊಂಡ. ಅವನ ಹಾಳೆಗಳನ್ನು ಗುಡ್ಡೆ ಹಾಕಿಕೊಂಡು ರಿಮ್ಸ್ಕಿ-ಕೊರ್ಸಾಕಫ್ ಮತ್ತು ಗ್ಲಾಜುನೋಫ್ ಎಂಬ ಗೆಳೆಯರಿಬ್ಬರು ಅದನ್ನು ಪೂರ್ತಿ ಮಾಡಿದರು. ಅದರ ಓವರ್ಚರನ್ನು, ಅಂದರೆ ಶುರುವಿನ ವಾದ್ಯಸಂಗೀತವನ್ನು, ಬೊರೊದಿನ್ ಬರೆದು ಮುಗಿಸಿರಲಿಲ್ಲ. ಪಿಯಾನೋ ಮೇಲೆ ಬಾರಿಸಿದ್ದನ್ನು ಕೇಳಿ ಗ್ಲಾಜುನೋಫ್ ನೆನಪಿನಲ್ಲಿ ಇಟ್ಟುಕೊಂಡಿದ್ದ ಅಂತ ಹೇಳುತ್ತಾರೆ. ನಿಮ್ಮ ಗೆಳೆಯರ ಪೈಕಿ ನಿಮ್ಮ ಒಂದು ಅಂತರಾವಾದರೂ ಬಾಯಿಪಾಠ ಇರುವವರು ಯಾರಿದ್ದಾರೆ, ಲೆಕ್ಕ ಹಾಕಿ.

ದೂರ ಯಾಕೆ, ಶಿಶುನಾಳದ ಕಥೆಯನ್ನೇ ನೋಡಿ. ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಭಜನಿ ಮೇಳಗಳ ಬಾಯಲ್ಲಿ ಉಳಿದವು, ಮೇಳಕ್ಕೊಂದು ಚಾಲ್. ಸಿದ್ಧಾರೂಢರ ಮಠದ ಜಾತ್ರಿಗೆ ಬಂದ ಮೇಳಗಳು ಒಂದೇ ಪದವನ್ನು ಬೇರೆ ಬೇರೆ ಧಾಟಿಯಲ್ಲಿ ಹಾಡುವುದನ್ನು ನಮ್ಮ ಓಣಿಯ ಹಿರಿಯರೆಲ್ಲ ಕೇಳಿದ್ದಾರೆ. ಆಮೇಲೆ ಸಿ. ಅಶ್ವತ್ಥರ ಕ್ಯಾಸೆಟ್ ಬಂತು. ಅವರೂ ಪಗಾರದವರೇ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡಿದವರು. ಅವರ ಚಾಲ್ ಎಷ್ಟು ಗಟ್ಟಿ ಇತ್ತೆಂದರೆ ಮದುವೆ ಮನೆಯಲ್ಲಿ, ಸಾಲಿ ಗ್ಯಾದರಿಂಗಿನಲ್ಲಿ, ಆರ್ಕೆಸ್ಟ್ರಾದಲ್ಲಿ ಯಾರ ಬಾಯಿಗಾದರೂ ಕೂತಿತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ರಚನೆ ಅಂದರೆ ಹಾಗಿರಬೇಕು. ಆದರೆ ನಮ್ಮ ಮೇಳದವರ ಹಳೆಯ ಚಾಲ್‌ಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಎಷ್ಟು ಹೋದವು ಅಂತ ಎಣಿಸಲೂ ಈಗ ಬರುವುದಿಲ್ಲ.

ಸ್ವರಲಿಪಿ ಬರೆಯುವುದು ಕಷ್ಟವಲ್ಲ. ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮದ ತಲೆ ಮೇಲೆ ನಿಂತ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಒಂದು ಮಾತ್ರೆಯಲ್ಲಿ ಎರಡು ಸ್ವರ ಬಂದರೆ ಕೆಳಗೊಂದು ಕಮಾನು. ಭಾತಖಂಡೆಯವರು ಇಷ್ಟರಲ್ಲಿ ಮುಗಿಸಿದ್ದಾರೆ. ಕನ್ನಡ ಅಕ್ಷರದಲ್ಲೇ ಬರೆಯಿರಿ. ಮೀಂಡು, ಕಣ, ಆಂದೋಲನ ಇವೆಲ್ಲ ಕಾಗದದ ಮೇಲೆ ಇಳಿಯುವುದಿಲ್ಲ ಅಂತ ವಾದ ಹೂಡಬೇಡಿ. ಇಳಿಯದಿದ್ದದ್ದನ್ನು ಹಾಡುವವರು ತಮ್ಮ ತಾಲೀಮಿನಿಂದ ತುಂಬಿಕೊಳ್ಳುತ್ತಾರೆ. ಅಲ್ಲೇ ನಿಮ್ಮ ಚೀಜು ಅವರದಾಗುವುದು. ಬರೆದ ಹಾಳೆಯ ಫೋಟೋ ಮೊದಲು ಕಳಿಸಿ. ನಿಮ್ಮ ದನಿ ಆಮೇಲೆ, ಬೇಕೆನಿಸಿದರೆ.

ಕಳಿಸುವುದಾದರೂ ಸ್ಥಾಯಿ, ಅಂತರಾ ಅಷ್ಟೇ ಸಾಕು. ಹದಿನೈದು ನಿಮಿಷದ ಆಲಾಪ ಹಚ್ಚಿ ಕೊನೆಗೆ ಚೀಜು ತೋರಿಸುವವರಿದ್ದೀರಿ, ಅಲ್ಲಿಯವರೆಗೆ ಯಾರು ಬರುತ್ತಾರೆ? 1930ರ ದಶಕದಲ್ಲಿ ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. 78ರ ವೇಗದ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ಚೀಜು ಪೂರ್ತಿ ಕಾಣಬೇಕಿತ್ತು, ಕಾಣುತ್ತಿತ್ತು.

ವಚನಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಉದ್ದ ಆದೀತು. ನನಗೆ ಪ್ರೀತಿಯ ಜಾಗ ಇದು. ನಿಮ್ಮಲ್ಲಿ ಬಹಳ ಜನ ವಚನಕ್ಕೇ ಕೈ ಹಾಕುತ್ತೀರಿ. ಅರ್ಧ ಜನ ಮನ್ಸೂರರ ನೆರಳಿನಲ್ಲಿ, ಇನ್ನರ್ಧ ಜನ ಸಿನೆಮಾದ ನೆರಳಿನಲ್ಲಿ. ಎರಡರಲ್ಲೂ ತಾಲ ಮಾತ್ರ ಒಂದೇ: ಎಲ್ಲದಕ್ಕೂ ಕೇರವಾ, ಎಂಟು ಮಾತ್ರೆ. ವಚನ ಛಂದಸ್ಸಿಲ್ಲದ ಮಾತು, ಸಾಲಿನ ಉದ್ದ ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಎಂಟರ ಪೆಟ್ಟಿಗೆಯಲ್ಲಿ ತುರುಕಿದರೆ ಎಲ್ಲೋ ಒಂದು ಕಡೆ ಹ್ರಸ್ವ ಎಳೆದು ದೀರ್ಘವಾಗುತ್ತದೆ, ದೀರ್ಘ ಮುದುಡಿ ಹ್ರಸ್ವವಾಗುತ್ತದೆ. ಬ್ರಜ ಭಾಷೆಯ ಚೀಜಿನಲ್ಲಿ ಸ್ವರ ಎಳೆದರೆ ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಎಳೆದರೆ ಕಡು ಹೋಗಿ ಕಾಡು ಆಗುತ್ತದೆ, ಬಡಿ ಹೋಗಿ ಬಾಡಿ ಆಗುತ್ತದೆ. ಶರಣರ ಮಾತಿನಲ್ಲಿ ಈ ಚೆಲ್ಲಾಟ ನಡೆಯಬಾರದು.

ಹಾಗಾದರೆ ತಾಲ ಎಲ್ಲಿಂದ ಹುಡುಕಬೇಕು? ನಾನು ಅಂಕಿತದಿಂದ ಹುಡುಕುತ್ತೇನೆ. ಪ್ರತಿ ವಚನವೂ ಬಂದು ಸೇರುವುದು ಅಲ್ಲಿಗೇ; ಸ್ಥಾಯಿಗೆ ಮುಖಡಾ ಇದ್ದ ಹಾಗೆ ಅದು. ಬಸವಣ್ಣನ ಅಂಕಿತವನ್ನು ಕರೆಯುವ ಹಾಗೆ, ಕೊನೆಗೆ ದೀರ್ಘ ಕೊಟ್ಟು ‘ಕೂಡಲಸಂಗಮದೇವಾ’ ಅನ್ನಿ. ಮಾತ್ರೆ ಎಣಿಸಿ: ಕೂ ಎರಡು, ಡಲ ಎರಡು, ಸಂ ಎರಡು, ಗಮ ಎರಡು, ದೇ ಎರಡು, ವಾ ಎರಡು. ಹನ್ನೆರಡು. ಏಕತಾಲದ ಆರು ವಿಭಾಗ, ವಿಭಾಗಕ್ಕೆರಡು ಮಾತ್ರೆ. ಈಗ ಕೈಯಲ್ಲಿ ತಾಲ ಹಾಕಿಕೊಂಡು ನೋಡಿ. ಸಮ್ ಬೀಳುವುದು ‘ಕೂ’ ಮೇಲೆ. ಮೂರನೇ ಮಾತ್ರೆಯ ಖಾಲಿಗೆ ‘ಡಲ’, ಐದರ ತಾಳಿಗೆ ‘ಸಂ’, ಏಳರ ಖಾಲಿಗೆ ‘ಗಮ’, ಒಂಬತ್ತರ ತಾಳಿಗೆ ‘ದೇ’, ಹನ್ನೊಂದರ ತಾಳಿಗೆ ‘ವಾ’. ಗುರು ಅಕ್ಷರಗಳೆಲ್ಲ ತಾಳಿಯ ಮೇಲೆ, ಲಘುವಿನ ಜೋಡಿಗಳೆರಡೂ ಖಾಲಿಯ ಮೇಲೆ. ಇಂಥದ್ದು ಕೂತು ಲೆಕ್ಕ ಹಾಕಿದರೂ ಸಿಗುವುದಿಲ್ಲ!

ಅಕ್ಕನದು ಬೇರೆ ಲೆಕ್ಕ. ‘ಚೆನ್ನಮಲ್ಲಿಕಾರ್ಜುನ’, ಕೊನೆಯ ನಕಾರ ಎಳೆಯದಿದ್ದರೆ ಹತ್ತು ಮಾತ್ರೆ. ಅಂದರೆ ಝಪತಾಲ, 2-3-2-3. ಆದರೆ ಸಮ್‌ನಿಂದಲೇ ಎತ್ತಿದರೆ ಮೂರನೇ ವಿಭಾಗಕ್ಕೆ ಬಂದಾಗ ‘ಕಾ’ ಎರಡು ಹೋಳಾಗುತ್ತದೆ. ಮೂರನೇ ಮಾತ್ರೆಯಿಂದ ಎತ್ತಿದರೆ ವಿಭಾಗ ಸರಿಹೋಗುತ್ತವೆ, ಸಮ್ ಮಾತ್ರ ‘ಜು’ ಎಂಬ ಬಡ ಅಕ್ಷರದ ಮೇಲೆ ಬಿದ್ದು ತೇಲಿಹೋಗುತ್ತದೆ. ಎಂಟನೇ ಮಾತ್ರೆಯಿಂದ ಎತ್ತಿಕೊಳ್ಳಿ: ಎಂಟು, ಒಂಬತ್ತು, ಹತ್ತಕ್ಕೆ ‘ಚೆನ್ನ’, ಸಮ್‌ಗೆ ‘ಮಲ್’ ಗಟ್ಟಿಯಾಗಿ ಕೂತುಬಿಡುತ್ತದೆ, ಮೂರು, ನಾಲ್ಕು, ಐದಕ್ಕೆ ‘ಲಿಕಾರ್’, ಆರರ ಖಾಲಿಗೆ ‘ಜುನ’ ಹಗುರಾಗಿ ಇಳಿಯುತ್ತದೆ. ಆ ಮೇಲೆ ರಾಗ ನಿಮ್ಮ ಇಷ್ಟ. ಅಲ್ಲಮನ ‘ಗುಹೇಶ್ವರಾ’ ಆರು ಮಾತ್ರೆ. ಮೂರು ಮೂರಾಗಿ ದಾದ್ರಾಕ್ಕೆ ಹೊಂದುತ್ತದೆ ನಿಜ, ಆದರೆ ಸಮ್ ಮೇಲೆ ‘ಗು’ ಎಂಬ ಲಘು. ಅಲ್ಲದೆ ಅಲ್ಲಮನನ್ನು ದಾದ್ರಾದಲ್ಲಿ ಕುಣಿಸುವ ಧೈರ್ಯ ನನಗಂತೂ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಕೇಳೋಣ.

ಖಯಾಲ್ ಅಂಗದಲ್ಲಿ ಅಕ್ಷರಕ್ಕಿಷ್ಟು ಮಾತ್ರೆ ಅಂತ ಯಾರೂ ತೂಗುವುದಿಲ್ಲ, ಇದು ವ್ಯಾಕರಣದ ಮಾಸ್ತರರ ಲೆಕ್ಕ, ಅಂತ ಕೆಲವರು ಹೇಳಬಹುದು. ಹೇಳಲಿ. ವಿಲಂಬಿತದಲ್ಲಿ ಈ ಲೆಕ್ಕ ಕರಗಿಹೋಗುತ್ತದೆ ಅಂತ ನಾನೂ ಒಪ್ಪುತ್ತೇನೆ, ಮಧ್ಯಲಯದಲ್ಲಿ ಒಪ್ಪುವುದಿಲ್ಲ. ಇಂಥ ಜಗಳ ನಮ್ಮೊಳಗೆ ಯಾಕೆ ಆಗುವುದಿಲ್ಲ? ಕ್ರಿಕೆಟ್ ಬಗ್ಗೆ ಆಗುತ್ತದೆ, ಗಿರ್ಮಿಟ್ಟಿಗೆ ಹುಣಸೆಹುಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದರ ಬಗ್ಗೆ ದುರ್ಗದಬೈಲಿನಲ್ಲಿ ನಿಂತು ಅರ್ಧ ತಾಸು ಆಗುತ್ತದೆ. ಅಂತರಾದ ಧೈವತದ ಬಗ್ಗೆ ಮಾತ್ರ ಗುಲಾಬಿ ಹೂವು.

ಬ್ರಜದಲ್ಲೇ ಕಟ್ಟುವವರಿಗೆ ಒಂದು ವಿನಂತಿ. ಪಿಯಾ, ಸಜನಿ, ಬಿರಹಾ, ಮೋರಾ ಇಷ್ಟು ಶಬ್ದ ಕಲಸಿ ನಾಲ್ಕು ಸಾಲು ಮಾಡಿದ್ದು ಹಿಂದಿ ಬಲ್ಲವರ ಕಿವಿಗೆ ಹೇಗೆ ಕೇಳುತ್ತದೋ ಒಮ್ಮೆ ಯಾರನ್ನಾದರೂ ಕೇಳಿ. ಇಂಡಿ ಪಂಪಿನ ಹತ್ತಿರ ಮನೆ ಇದ್ದು ಜಮುನಾ ದಂಡೆಯಲ್ಲಿ ಗಾಗರ್ ಒಡೆದುಕೊಳ್ಳುವುದು ಸಾಕು. ಕನ್ನಡದಲ್ಲೇ ಕಟ್ಟಿರಿ ಎಂಬ ಹಟ ನನಗಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಕಟ್ಟಬೇಡಿ, ಅಷ್ಟೇ. ಕನ್ನಡದ ಶಬ್ದಗಳು ಹೆಚ್ಚಿನವು ಸ್ವರದಲ್ಲೇ ಮುಗಿಯುತ್ತವೆ, ಮೀಂಡಿಗೆ ಅದು ಅನುಕೂಲ. ಒತ್ತಕ್ಷರ ತಾನಿಗೆ ಅಡ್ಡ ಬರುತ್ತದೆ ಎನ್ನುವವರು ‘ಮಲ್ಲಿ’ಯ ಮೇಲೆ ಸಮ್ ಹಾಕಿ ನೋಡಿದ ಮೇಲೆ ಮಾತಾಡಲಿ.

ಹೊಸ ರಾಗ ಹುಟ್ಟಿಸುವವರಿಗೂ ಕೈಮುಗಿಯುತ್ತೇನೆ. ಈ ವರ್ಷ ನನ್ನ ಮೊಬೈಲಿಗೆ ಬಂದ ಹೊಸ ರಾಗಗಳಿಗೆ ಮಕ್ಕಳ, ಮೊಮ್ಮಕ್ಕಳ, ಮನೆದೇವರ ಹೆಸರೆಲ್ಲ ಮುಗಿದಿವೆ. ಭೀಮಸೇನ ಜೋಶಿಯವರು ಕಲಾಶ್ರೀ ಮಾಡಿದ್ದು, ಕುಮಾರರು ಮಾಳವದ ಹಾಡುಗಳನ್ನು ಕೇಳಿ ಕೇಳಿ ತಮ್ಮ ಧುನ್-ಉಗಮ ರಾಗಗಳನ್ನು ತೆಗೆದದ್ದು ಎಷ್ಟು ಅರೆದ ಮೇಲೆ ಅಂತ ನೆನಪಿರಲಿ. ಮೊದಲು ಯಮನಿನಲ್ಲಿ ಇನ್ನೊಬ್ಬರು ಹಾಡುವಂಥ ಒಂದು ಚೀಜು ಬರಲಿ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರೋಣ: ‘ಲಿಪಿ ಹಾಕಿ ಕಳಿಸಿದರೆ ಯಾರಾದರೂ ಕದ್ದುಬಿಟ್ಟರೆ?’ ಕಾನೂನು ನಿಮ್ಮ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಟ್ಟಿದವರ ಜೀವಮಾನ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಮೊದಲು ಕಾಗದದ ಮೇಲೆ ಬರೆದ ಸಂಗೀತಕ್ಕಷ್ಟೇ ಆ ಕಾಯ್ದೆಯಲ್ಲಿ ಜಾಗವಿತ್ತು. 1994ರ ತಿದ್ದುಪಡಿಯಲ್ಲಿ ಆ ಷರತ್ತು ಹೋಯಿತು. ಆದರೂ ಬರೆದಿಡುವುದೇ ಮೇಲು. ಜೂನಿಯರ್ ಡಾಗರ್ ಸಹೋದರರ ‘ಶಿವ ಸ್ತುತಿ’ಗೂ ಎ. ಆರ್. ರೆಹಮಾನರ ಸಿನೆಮಾ ಹಾಡಿಗೂ ಸಂಬಂಧಿಸಿದ ವ್ಯಾಜ್ಯ ಪತ್ರಿಕೆಯಲ್ಲಿ ಓದಿರುತ್ತೀರಿ. 2025ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಡಾಗರ್ ಮನೆತನದ ಪರ ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಹಾಡಿದ ದಾಖಲೆ ಇದ್ದ ಮಾತ್ರಕ್ಕೆ ಕಟ್ಟಿದವರೂ ಅವರೇ ಅಂತ ಆಗುವುದಿಲ್ಲ ಎಂಬುದು ಅಲ್ಲಿ ಮುಖ್ಯ ವಾದವಾಯಿತು. ಅಷ್ಟು ದೊಡ್ಡ ಮನೆತನಕ್ಕೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ಹಾಳೆಯ ಮೇಲೆ ರಾಗ, ತಾಲ, ತಾರೀಖು, ಮುದ್ರೆ ಹಾಕಿ, ನಾಲ್ಕು ಜನರಿಗೆ ಕಳಿಸಿಬಿಡಿ. ನಾಲ್ಕು ಜನರ ಹತ್ತಿರ ಇದ್ದದ್ದನ್ನು ಕದಿಯುವುದು ಕಷ್ಟ.

ಇಷ್ಟು ಹೇಳಿ ಒಂದು ಮಾತು ಸೇರಿಸುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಚೀಜನ್ನು ಇವತ್ತಿನವರೆಗೂ ಯಾರೂ ಕದ್ದಿಲ್ಲ. ಯಾರಾದರೂ ಕದ್ದು ಹಾಡಿದ ದಿನ ನಾನೇ ಪೇಢೆ ಹಂಚುತ್ತೇನೆ. ಅದೇ ಹೊತ್ತಿಗೆ ಗವಾಯಿಗಳಿಗೂ ಒಂದು ಮಾತು ಮುಟ್ಟಲಿ: ವೇದಿಕೆಯ ಮೇಲೆ ರಾಗದ ಹೆಸರು ಹೇಳುತ್ತೀರಿ, ತಬಲಜಿಯ ಹೆಸರು ಹೇಳುತ್ತೀರಿ, ಪೇಟಿಯವನನ್ನು ಕೂಡ ಕೆಲವು ಸಲ ನೆನೆಯುತ್ತೀರಿ. ಚೀಜು ಯಾರದು ಅಂತಲೂ ಒಂದು ಶಬ್ದ ಹೇಳಿಬಿಡಿ.

ಕೊನೆಗೆ ಕೆಲಸದ ಮಾತು. ತಿಂಗಳ ಎರಡನೇ ರವಿವಾರ ಸಂಜಿ ಐದಕ್ಕೆ ನಮ್ಮ ಮನೆಯ ಪಡಸಾಲೆ ಖಾಲಿ ಇಡುತ್ತೇನೆ. ಸಿದ್ಧಾರೂಢರ ಮಠದ ಕಡೆ ಹೋಗುವವರಿಗೆ ದಾರಿಯಲ್ಲೇ ಸಿಗುತ್ತದೆ, ಯಾರನ್ನು ಕೇಳಿದರೂ ಪೇಟಿಯವನ ಮನೆ ತೋರಿಸುತ್ತಾರೆ. ಬರುವವರು ತಮ್ಮ ಒಂದು ಚೀಜನ್ನು ಲಿಪಿ ಹಾಕಿ ತರಬೇಕು, ಹೆಸರು ಹಾಳೆಯ ಹಿಂದುಗಡೆ ಇರಲಿ. ಹಾಳೆಗಳನ್ನೆಲ್ಲ ಕಲಸಿ ಚೀಟಿ ಎತ್ತೋಣ. ತನ್ನದು ತನಗೇ ಬಂದರೆ ತಿರುಗಿ ಹಾಕಬೇಕು. ಹಾಡುವವರು ಹತ್ತು ನಿಮಿಷ ಹಾಳೆ ನೋಡಿಕೊಂಡು ಎರಡು ಸಲ ಹಾಡಲಿ. ಕಟ್ಟಿದವರು ಅಲ್ಲೇ ಕೂತಿರುತ್ತಾರೆ, ಆದರೆ ಬಾಯಿ ತೆರೆಯುವ ಹಾಗಿಲ್ಲ. ‘ಇದನ್ನ ಹಂಗ ಹಾಡಬಾರದು, ಹಿಂಗ’ ಅಂತ ನಾಲಿಗೆ ತುದಿಗೆ ಬರುತ್ತದೆ, ಬಂದೇ ಬರುತ್ತದೆ, ನುಂಗಿಕೊಳ್ಳಿ. ಹಂಗ ಹಾಡಬೇಕು ಅಂತ ಹಾಳೆಯೇ ಹೇಳದಿದ್ದರೆ ಹಾಳೆ ತಿದ್ದಬೇಕು. ಎರಡು ಸಲ ಆದ ಮೇಲೆ ಉಳಿದವರು ಮಾತಾಡಲಿ: ರಾಗ ಎಲ್ಲಿ ಜಾರಿತು, ಸಮ್‌ಗೆ ಯಾವ ಅಕ್ಷರ ಬಂತು, ಅಂತರಾ ಸ್ಥಾಯಿಗೆ ಮರಳುವಾಗ ಎಡವಿತೋ ಇಲ್ಲವೋ. ‘ವ್ಹಾ’ ಎನ್ನುವವರು ಯಾವ ಜಾಗಕ್ಕೆ ವ್ಹಾ ಅಂತಲೂ ಹೇಳಬೇಕು. ಹೆಣ್ಣುಮಕ್ಕಳ ಚೀಜಿಗೂ ಅದೇ ಕಾಯ್ದೆ, ಹಿರಿಯರ ಚೀಜಿಗೂ ಅದೇ. ಮೊಬೈಲುಗಳು ಹೊಸ್ತಿಲ ಹೊರಗೆ ಚಪ್ಪಲಿ ಜೊತೆ ಇರಲಿ. ರೆಕಾರ್ಡಿಂಗ್ ಬೇಕಾದರೆ ಮುಂದಿನ ತಿಂಗಳು ತಿದ್ದಿದ ಮೇಲೆ ಮಾಡೋಣ, ಅದೂ ಹಾಡಿದವರ ದನಿಯಲ್ಲಿ, ಕಟ್ಟಿದವರ ಹೆಸರು ಹೇಳಿ.

ಶ್ರುತಿಯ ಪಟ್ಟಿಯ ಬಗ್ಗೆ ಜಗಳ ಆಗಬಾರದು. ಗಂಡಸರು ಕರಿ ಎರಡಕ್ಕೆ, ಹೆಣ್ಣುಮಕ್ಕಳು ತಮಗೆ ಬೇಕಾದ ಕಡೆ. ನನ್ನ ಪೇಟಿ ಎಲ್ಲಾ ಕಡೆ ಬರುತ್ತದೆ. ಚಹಾ, ಗಿರ್ಮಿಟ್ಟು, ಮಿರ್ಚಿ ನಮ್ಮ ಮನೆಯವರು ಒಪ್ಪಿಕೊಂಡಿದ್ದಾರೆ. ತಬಲಾದವರು ಮಾತ್ರ ಇನ್ನೂ ಗೊತ್ತಾಗಿಲ್ಲ. ತೀನತಾಲವಷ್ಟೇ ಕೈಯಲ್ಲಿದ್ದರೂ ನಡೆಯುತ್ತದೆ, ಬನ್ನಿ. ಝಪತಾಲವನ್ನು ಎಂಟನೇ ಮಾತ್ರೆಯಿಂದ ಹಿಡಿದುಕೊಳ್ಳುವವರು ಯಾರಾದರೂ ಸಿಕ್ಕರೆ ಅವರಿಗೆ ರಾತ್ರಿ ಊಟವೂ ಇಲ್ಲೇ.

ನಿಮ್ಮವ,
ಹಳೇ ಹುಬ್ಬಳ್ಳಿಯ ಪೇಟಿಯವ